ತೊಟ್ಟಿಮನೆಗೆ ಬಂದ ನೆಂಟರು: ಮೊದಲ ಅರ್ಧ ಗಂಟೆ ನಮ್ಮ ಕೈಯಲ್ಲಿ

ಕುಪ್ಪಳಿಯ ಕವಿಮನೆ ನೋಡಲು ಬಂದವರಲ್ಲಿ ಎಷ್ಟೋ ಜನ "ಇಂಥ ಮನೆಯಲ್ಲಿ ಒಂದು ರಾತ್ರಿ ಇರುವ ಹಾಗಿದ್ದರೆ!" ಎಂದುಕೊಂಡೇ ಹೊರಡುತ್ತಾರೆ. ಆ ಆಸೆಯಿಂದಲೇ ಇವತ್ತು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೆಯ ತೊಟ್ಟಿಮನೆಗಳ ಬಾಗಿಲು ಮತ್ತೆ ತೆರೆದುಕೊಂಡಿವೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದ ಕೋಣೆಗಳಲ್ಲಿ ಹೋಂಸ್ಟೇ ಮಾಡುತ್ತಿರುವ ಸದಸ್ಯೆಯರು ನಮ್ಮ ಮಹಿಳಾ ಸಂಘಗಳಲ್ಲೂ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಎರಡು ಕೋಣೆ ಬಾಡಿಗೆಗೆ, ನಾಲ್ಕು ಹಸು ಕೊಟ್ಟಿಗೆಯಲ್ಲಿ. ಇವೆರಡನ್ನೂ ಒಟ್ಟಿಗೆ ನಡೆಸುವಾಗ ಕಲಿತದ್ದನ್ನು, ಅದರಲ್ಲೂ ಎಡವಿ ಕಲಿತದ್ದನ್ನು, ಇಲ್ಲಿ ಹಂಚಿಕೊಳ್ಳುತ್ತೇನೆ.

ನಮಗೆ ಈ ಮನೆ ಅಂಗೈಯಷ್ಟು ಪರಿಚಯ. ಬಂದವರಿಗೆ ಹಾಗಲ್ಲ. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ, ಮನೆಯ ನಡುವೆಯೇ ಆಕಾಶ, ಸ್ನಾನಕ್ಕೆ ನಲ್ಲಿ ತಿರುಗಿಸಿದರೆ ಬಿಸಿನೀರಿಲ್ಲ, ಗೋಡೆಯ ಆಚೆಗೇ ದನ ಉಸಿರಾಡುವ ಸದ್ದು. ಫ್ಲಾಟಿನಲ್ಲಿ ಬೆಳೆದವರಿಗೆ ಇದರಲ್ಲಿ ಒಂದೂ ತಾನಾಗಿ ಗೊತ್ತಾಗುವುದಿಲ್ಲ. ಮೊದಲ ವರ್ಷ ನಾನು ಎಲ್ಲವನ್ನೂ ಒಂದು ಹಲಗೆಯ ಮೇಲೆ ಬರೆಸಿ ಜಗುಲಿಯಲ್ಲಿ ತೂಗುಹಾಕಿದ್ದೆ. ಹತ್ತೊಂಬತ್ತು ಸಾಲು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಓದಿದವರಿಲ್ಲ.

ಆ ವರ್ಷವೇ ಹಂಡೆ ಹಾಳಾಯಿತು. ಬಂದವರು ಆರು ಜನ, ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡಿದರು. ಬಿಸಿನೀರು ತೋಡಿಕೊಂಡಷ್ಟೇ ತಣ್ಣೀರನ್ನು ಹಂಡೆಗೆ ತುಂಬಬೇಕು ಎಂದು ಯಾರಿಗೂ ತಿಳಿದಿರಲಿಲ್ಲ. ಕೆಳಗೆ ಬೆಂಕಿ ಉರಿಯುತ್ತಿದೆ, ಮೇಲೆ ನೀರಿಲ್ಲ. ಅತ್ತೆಯವರ ತವರಿನಿಂದ ಬಂದ ತಾಮ್ರದ ಹಂಡೆ, ತಳದ ಬೆಸುಗೆ ಬಿಟ್ಟಿತು. ನಾನು ಒಳಗೆ ಬಂದು ಅವರನ್ನು ಬೈಯುತ್ತಿದ್ದರೆ ಅತ್ತೆ ಕೂತಲ್ಲಿಂದಲೇ ಹೇಳಿದರು: "ಅವ್ರಿಗೆ ಹ್ಯಾಂಗೆ ಗೊತ್ತಾಗ್ತದೆ ಮಾರಾಯ್ತಿ, ನೀನು ತೋರ್ಸಿದ್ಯೇನೆ?" ಹಂಡೆ ಅವರದ್ದು, ಸಿಟ್ಟು ನನ್ನದು. ಅವತ್ತಿನಿಂದ ಹಲಗೆ ಇಳಿಸಿದೆ. ಈಗ ಪ್ರತಿಯೊಂದನ್ನೂ ಬಂದವರ ಜೊತೆ ನಡೆದು, ಕೈಯಲ್ಲಿ ಮುಟ್ಟಿಸಿ ತೋರಿಸುತ್ತೇನೆ.

ಏನು ಮೊದಲು, ಏನು ಆಮೇಲೆ

ಘಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಕೂತು ಬಂದವರಿಗೆ ತಲೆ ತಿರುಗುತ್ತಿರುತ್ತದೆ. ಮನೆಯ ಇತಿಹಾಸ, ಕಂಬದ ಕೆತ್ತನೆ ಇವೆಲ್ಲ ಆಗ ತಲೆಗೆ ಹೋಗುವುದಿಲ್ಲ. ಅವರಿಗೆ ಬೇಕಾದ್ದು ಶೌಚಾಲಯ, ಕುಡಿಯಲು ನೀರು, ಚೀಲ ಇಡಲು ಒಂದು ಜಾಗ. ಜಗುಲಿಯಲ್ಲಿ ಕೂರಿಸಿ ಕಾಲಿಗೆ ನೀರು, ಕುಡಿಯಲು ನೀರು ಮತ್ತು ಬೆಲ್ಲ ಕೊಡಿ. ಶೌಚಾಲಯ ಎಲ್ಲಿ ಎಂದು ಅವರು ಕೇಳುವ ಮೊದಲೇ ಹೇಳಿ. ಹೆಂಗಸರು ಕೇಳಲು ಸಂಕೋಚಪಡುತ್ತಾರೆ.

ಆಮೇಲೆ ಬಾಗಿಲುಗಳು. ನಮ್ಮ ಮನೆಯ ನಡುಬಾಗಿಲಿಗೆ ಎಷ್ಟು ತಲೆ ಬಡಿದಿದೆಯೋ ಲೆಕ್ಕವಿಲ್ಲ. "ಬಗ್ಗಿ ಬನ್ನಿ" ಎಂದರೆ ಸಾಲದು. ಮುಂದೆ ಹೋಗಿ ನೀವೇ ಬಗ್ಗಿ ದಾಟಿ, ಹಿಂದಿನವರು ತಾವಾಗಿ ಬಗ್ಗುತ್ತಾರೆ. ಉಪ್ಪರಿಗೆಯ ಏಣಿಮೆಟ್ಟಿಲಿನಲ್ಲಿ ಇಳಿಯುವಾಗ ಮುಖ ಮೆಟ್ಟಿಲ ಕಡೆಗಿರಬೇಕು, ಒಂದು ಕೈ ಹಗ್ಗದ ಮೇಲೆ. ಇದನ್ನು ಮಕ್ಕಳಿಂದ ಒಮ್ಮೆ ಹತ್ತಿಳಿಸಿಯೇ ಬಿಡಿ. ಬಾಗಿಲ ಚಿಲಕ ಅವರೇ ಹಾಕಿ ತೆಗೆಯಲಿ. ಹಳೆಯ ಮರದ ಅಗುಳಿ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ. ರಾತ್ರಿ ಒಳಗೆ ಸಿಕ್ಕಿಕೊಂಡವರ ಗಾಬರಿ ನಾನು ನೋಡಿದ್ದೇನೆ.

ಬೆಳಕಿರುವಾಗಲೇ ತೋರಿಸಬೇಕಾದ ಜಾಗಗಳು ಮೂರು: ಬಾವಿ, ಗೋಬರ್ ಗ್ಯಾಸಿನ ಸ್ಲರಿ ಗುಂಡಿ, ತೋಟದ ಕಪ್ಪು. ಸ್ಲರಿ ಗುಂಡಿಯ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ಮೇಲೆ ಒಣಗಿ ಕೆನೆ ಕಟ್ಟಿದಾಗ ಅದು ಗಟ್ಟಿ ನೆಲದಂತೆಯೇ ಕಾಣುತ್ತದೆ. ಪೇಟೆಯ ಮಗು ಅದರ ಮೇಲೆ ಕಾಲಿಟ್ಟೇ ಇಡುತ್ತದೆ. ಬಿದ್ದವರನ್ನು ಎತ್ತಲು ಇಳಿದವರಿಗೂ ಅಲ್ಲಿನ ಗಾಳಿಯಿಂದಲೇ ಪ್ರಾಣಾಪಾಯ. ಆದ್ದರಿಂದ ಇಲ್ಲಿ ತೋರಿಸಿದರೆ ಮುಗಿಯಲಿಲ್ಲ. ಗುಂಡಿಗೆ ಗಟ್ಟಿ ಮುಚ್ಚಳ, ಸುತ್ತ ಬೇಲಿ ಹಾಕಿಸದೆ ನೆಂಟರನ್ನು ಕರೆಯಲೇಬೇಡಿ.

ಬಚ್ಚಲು

ಹಂಡೆಯ ಸ್ನಾನಕ್ಕಾಗಿಯೇ ಬರುವವರಿದ್ದಾರೆ, ಅದು ನಮ್ಮ ಮನೆಯ ದೊಡ್ಡ ಆಕರ್ಷಣೆ. ಆದರೆ ಹಂಡೆಯ ನೀರು ಎಷ್ಟು ಬಿಸಿ ಎಂಬ ಅಂದಾಜು ಅವರಿಗಿಲ್ಲ. ಮೊದಲು ಬಕೆಟ್ಟಿಗೆ ತಣ್ಣೀರು, ಆಮೇಲೆ ಅದರ ಮೇಲೆ ಬಿಸಿನೀರು, ಕೈ ಅದ್ದಿ ನೋಡಿ ಮೈಗೆ. ಈ ಕ್ರಮವನ್ನು ಒಂದು ಸಲ ಮಾಡಿ ತೋರಿಸಿ. ಒಂದು ಬಕೆಟ್ ತೋಡಿದರೆ ಒಂದು ಬಕೆಟ್ ತುಂಬಬೇಕು ಎಂಬುದನ್ನೂ ಆಗಲೇ ಹೇಳಿ. ಚಿಕ್ಕ ಮಕ್ಕಳನ್ನು ಒಬ್ಬರನ್ನೇ ಒಳಗೆ ಬಿಡಬೇಡಿ ಎಂದು ತಾಯಿಗೆ ನೇರವಾಗಿ ತಿಳಿಸಿ. ಒಲೆಯ ಬಾಯಿ ಬಚ್ಚಲೊಳಗೇ ಇದ್ದರೆ ಸ್ನಾನದ ಹೊತ್ತಿಗೆ ಕಿಟಕಿ ತೆರೆದೇ ಇರಬೇಕು.

ಕೆಲವರು ಇದೆಲ್ಲ ತಾಪತ್ರಯ ಎಂದು ಗ್ಯಾಸ್ ಗೀಸರ್ ಹಾಕಿಸುತ್ತಾರೆ. ದಯವಿಟ್ಟು ಬಚ್ಚಲೊಳಗೆ ಹಾಕಿಸಬೇಡಿ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಗ್ಯಾಸ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವುದಕ್ಕೂ ಆಗದೆ ಕುಸಿಯುತ್ತಾರೆ. ಗೀಸರ್ ಬೇಕೇ ಬೇಕಿದ್ದರೆ ಹೊರಗೋಡೆಗೆ ಹಾಕಿಸಿ, ಪೈಪು ಮಾತ್ರ ಒಳಗೆ ಬರಲಿ.

ಕೊಟ್ಟಿಗೆ, ಮತ್ತು ಸಂಜೆ ಐದು ಗಂಟೆ

ಬೆಳಿಗ್ಗೆ ಬೆಂಗಳೂರು ಬಿಟ್ಟವರು ದಾರಿಯಲ್ಲಿ ಊಟ ಮುಗಿಸಿ, ಒಂದೆರಡು ಕಡೆ ನಿಂತು, ನಮ್ಮ ಅಂಗಳಕ್ಕೆ ಬರುವುದು ಸರಿಯಾಗಿ ಐದು ಗಂಟೆಗೆ. ಅದೇ ನಮಗೆ ಹಾಲು ಕರೆಯುವ ಹೊತ್ತು. ಒಂದು ಸಂಜೆ ಎಂಟು ಜನರ ಗುಂಪು ಕಾರಿನಿಂದ ಇಳಿದು ನೇರ ಕೊಟ್ಟಿಗೆಗೇ ಬಂತು. ಬೇಡ ಎನ್ನಲು ನನಗೆ ನಾಲಿಗೆ ಏಳಲಿಲ್ಲ, ದುಡ್ಡು ಕೊಟ್ಟು ಬಂದವರಲ್ಲವೇ. ಮೊಬೈಲಿನ ಬೆಳಕು, ಸುಗಂಧದ ವಾಸನೆ, ಮಕ್ಕಳ ಕಿರುಚಾಟ. ನನ್ನ ಎಚ್.ಎಫ್. ಮಿಶ್ರತಳಿ ಹಸು ಒದ್ದು, ಹಾಲನ್ನು ಮೇಲಕ್ಕೆ ಎಳೆದುಕೊಂಡಿತು. ಆರು ಲೀಟರ್ ಕೊಡುವ ಹೊತ್ತಿಗೆ ಎರಡೂವರೆ ಸಿಕ್ಕಿತು. ಮೂರನೆಯ ದಿನ ಒಂದು ಮೊಲೆಯ ಹಾಲಿನಲ್ಲಿ ಹೆಪ್ಪುಗಟ್ಟಿದ ಚೂರು ಕಾಣಿಸಿತು. ಕೆಚ್ಚಲು ಬಾವು. ಚುಚ್ಚುಮದ್ದು, ಮುಲಾಮು, ಮತ್ತೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ನೆಂಟರಿಂದ ಬಂದ ಬಾಡಿಗೆಗಿಂತ ಹೋದದ್ದೇ ಹೆಚ್ಚು.

ಹೀಗೇಕಾಗುತ್ತದೆ? ಕರು ಗುದ್ದಿದಾಗ ಅಥವಾ ನಾವು ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕೆ ಸೇರುತ್ತದೆ. ಒಂದು ನಿಮಿಷದೊಳಗೆ ಹಸು ಸೊರೆ ಬಿಡುತ್ತದೆ. ಅದರ ಪ್ರಭಾವ ಇರುವುದು ಐದಾರು ನಿಮಿಷ ಮಾತ್ರ, ಅಷ್ಟರಲ್ಲಿ ಕರೆದು ಮುಗಿಸಬೇಕು. ಹಸು ಹೆದರಿದರೆ ಅಡ್ರಿನಾಲಿನ್ ಎಂಬ ಇನ್ನೊಂದು ಚೋದಕ ಹೊರಟು ಈ ಕೆಲಸವನ್ನು ತಡೆಯುತ್ತದೆ. ಆಮೇಲೆ ಎಷ್ಟು ಮುದ್ದು ಮಾಡಿದರೂ ಆ ಹೊತ್ತಿನ ಹಾಲು ಪೂರ್ತಿ ಇಳಿಯುವುದಿಲ್ಲ. ಕೆಚ್ಚಲಲ್ಲಿ ಉಳಿದ ಹಾಲು ಬಾವಿಗೆ ದಾರಿ ಮಾಡಿಕೊಡುತ್ತದೆ. ಹಸು ಹಟ ಮಾಡುತ್ತಿದೆ ಎಂದು ನಾವು ಬೈಯುತ್ತೇವಲ್ಲ, ಅದರ ಕೈಯಲ್ಲಿ ಏನೂ ಇಲ್ಲ.

ಈಗ ಕೋಣೆ ಕಾಯ್ದಿರಿಸಲು ಫೋನ್ ಮಾಡಿದಾಗಲೇ ಹೇಳುತ್ತೇನೆ: ನಾಲ್ಕು ಗಂಟೆಯೊಳಗೆ ಬನ್ನಿ, ಇಲ್ಲವಾದರೆ ಏಳರ ಮೇಲೆ ಬನ್ನಿ. ನಡುವೆ ಬಂದರೆ ಜಗುಲಿಯಲ್ಲಿ ಕಾಫಿ ಕುಡಿಯುತ್ತಾ ಕೂರಬೇಕು, ನಾನು ಸಿಗುವುದಿಲ್ಲ. ಇದಕ್ಕೆ ಬೇಸರ ಮಾಡಿಕೊಂಡವರು ಕಡಿಮೆ. ಹಸುವಿನ ಕಾರಣ ಹೇಳಿದರೆ ಜನ ಬೇಗ ಒಪ್ಪುತ್ತಾರೆ, ನಮ್ಮ ಸುಸ್ತಿನ ಕಾರಣಕ್ಕಿಂತ ಬೇಗ.

ದನ ನೋಡಲೇಬಾರದು ಎಂದಲ್ಲ. ಹಾಲು ಕರೆದು, ಕ್ಯಾನು ಸಂಘಕ್ಕೆ ಹೋದ ಮೇಲೆ ಇಬ್ಬಿಬ್ಬರನ್ನಾಗಿ ಕರೆದುಕೊಂಡು ಹೋಗುತ್ತೇನೆ. ಬಾಗಿಲಲ್ಲಿ ಗೋಣಿಚೀಲ ಹಾಸಿ, 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಅದನ್ನು ನೆನೆಸಿರುತ್ತೇನೆ. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾ. ಅದರ ಮೇಲೆ ನಿಂತು ಚಪ್ಪಲಿಯ ತಳ ಚೆನ್ನಾಗಿ ನೆನೆಸಿಕೊಂಡೇ ಒಳಗೆ ಬರಬೇಕು. ಕಾಲುಬಾಯಿ ರೋಗದ ವೈರಾಣು ಚಪ್ಪಲಿ, ಬಟ್ಟೆಗೆ ಅಂಟಿಕೊಂಡು ಬರಬಲ್ಲದು. ಇವರು ನಿನ್ನೆ ಯಾವ ಊರಿನ ಕೊಟ್ಟಿಗೆಯಲ್ಲಿ ಫೋಟೋ ತೆಗೆಸಿಕೊಂಡಿದ್ದರೋ ನಮಗೇನು ಗೊತ್ತು? ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸಿದ್ದರೂ ಈ ಎಚ್ಚರ ಬೇಕು. ಸುತ್ತಮುತ್ತ ರೋಗ ಇರುವ ದಿನಗಳಲ್ಲಿ ಕೊಟ್ಟಿಗೆಗೆ ಯಾರೂ ಬೇಡ.

ತಿನ್ನಿಸುವ ಆಸೆ ಎಲ್ಲರಿಗೂ. ಬೆಳಗಿನ ಉಳಿದ ಇಡ್ಲಿ, ಅನ್ನ, ಬಿಸ್ಕತ್ತು ತಂದು ಬಾಯಿಗಿಡುತ್ತಾರೆ. ಅನ್ನ ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಏರಿ ಹಸು ಮೇವು ಬಿಡುತ್ತದೆ ಎಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಒಂದು ಹಿಡಿ ಹಸಿಹುಲ್ಲು ಅವರ ಕೈಗೆ ಕೊಟ್ಟುಬಿಡಿ, ಆಸೆಯೂ ತೀರುತ್ತದೆ. ತಲೆಪಿನ್ನು, ಸೇಫ್ಟಿ ಪಿನ್ನು ಕೊಟ್ಟಿಗೆಯಲ್ಲಿ ಬೀಳದಂತೆ ನೋಡಿಕೊಳ್ಳಲು ಹೇಳಿ. ಮೇವಿನ ಜೊತೆ ಹೊಟ್ಟೆ ಸೇರಿದ ಚೂಪು ಲೋಹ ಹಸುವಿನ ಎದೆಯವರೆಗೂ ಚುಚ್ಚಿಕೊಂಡು ಹೋಗಬಹುದು.

ಹಸಿ ಹಾಲು ಕುಡಿಯಬೇಕು ಎಂದು ಹಟ ಹಿಡಿಯುವವರೂ ಬರುತ್ತಾರೆ, ಅದು ಆರೋಗ್ಯಕ್ಕೆ ಒಳ್ಳೆಯದಂತೆ. ಕೊಡಬೇಡಿ. ಬ್ರೂಸೆಲ್ಲಾ, ಕ್ಷಯದಂಥ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ. ಉಕ್ಕಿಸಿ, ಬೆಲ್ಲ ಹಾಕಿ ಕೊಡಿ, ರುಚಿ ಹಾಗೂ ಇರುತ್ತದೆ. ಗಿಣ್ಣು ಕೇಳಿದರೆ ಮೊದಲು ಕರುವಿನ ಪಾಲು. ಹುಟ್ಟಿದ ಕರುವಿಗೆ ಅದರ ತೂಕದ ಹತ್ತನೇ ಒಂದರಷ್ಟು ಗಿಣ್ಣುಹಾಲು ಮೊದಲ ದಿನವೇ ಹೋಗಬೇಕು, ಮೊದಲ ಸಲ ಹುಟ್ಟಿದ ಒಂದೆರಡು ಗಂಟೆಯೊಳಗೆ. ಉಳಿದರೆ ನೆಂಟರಿಗೆ.

ರಾತ್ರಿ

ಕತ್ತಲಾಗುವ ಮೊದಲು ಪ್ರತಿ ಕೋಣೆಗೆ ಒಂದು ಟಾರ್ಚು, ಕುಡಿಯುವ ನೀರು, ಸೊಳ್ಳೆಪರದೆ. ಕರೆಂಟು ಹೋಗುತ್ತದೆ ಎಂದು ಮೊದಲೇ ಹೇಳಿದರೆ ಅದು ಹಳ್ಳಿಯ ಅನುಭವ ಎನಿಸಿಕೊಳ್ಳುತ್ತದೆ, ಹೇಳದಿದ್ದರೆ ದೂರು. ಹಲ್ಲಿ, ಬಾವಲಿ, ಹೆಂಚಿನ ಮೇಲೆ ಓಡುವ ಇಲಿಯ ಸದ್ದು ಇವೂ ಹಾಗೆಯೇ. ಅಂಗಳಕ್ಕೆ ಇಳಿಯುವಾಗ ಟಾರ್ಚು ಹಾಕಲಿ, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಲಿ. ಹಾವು ಕಚ್ಚಿದರೆ ಕಟ್ಟು, ಗಾಯ ಕೊಯ್ಯುವುದು, ನಾಟಿ ಮದ್ದು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ಮೊಬೈಲ್ ಸಿಗ್ನಲ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದು ಅದಕ್ಕಾಗಿಯಾದರೂ ತೋರಿಸಿಡಿ. ಮಳೆಗಾಲದ ಉಂಬಳಕ್ಕೆ ಒಂದು ಡಬ್ಬಿ ಉಪ್ಪು ಸಾಕು, ಅದಕ್ಕೆ ಯಾರೂ ಸತ್ತಿಲ್ಲ ಎಂದು ನಗುತ್ತಾ ಹೇಳಿ.

ಕಾಗದಪತ್ರದ ವಿಷಯ ಎರಡೇ ಮಾತು. ಹೋಂಸ್ಟೇಯನ್ನು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ, ಬಂದವರೆಲ್ಲರ ಗುರುತಿನ ಚೀಟಿಯ ಪ್ರತಿ ಪಡೆದು ಪುಸ್ತಕದಲ್ಲಿ ಬರೆದಿಡಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು, ಇದು ಮರೆಯುವ ಹಾಗಿಲ್ಲ. ಕಂಪ್ಯೂಟರ್ ಬಾರದಿದ್ದರೆ ಮನೆಯ ಮಕ್ಕಳ ಹತ್ತಿರ ಕಲಿಯಿರಿ. ನಾನು ಕಲಿತದ್ದೂ ಹಾಗೇ.

ಕಡೆಯದಾಗಿ, ನಾನು ಎಲ್ಲರಿಗೂ ಹೊರಡುವ ಹಿಂದಿನ ದಿನ ಮೊಬೈಲಿಗೆ ಕಳಿಸುವ ಸಂದೇಶ ಇದು. ಬೇಕಾದವರು ತಮ್ಮ ಮನೆಗೆ ತಕ್ಕಂತೆ ತಿದ್ದಿ ಬಳಸಿಕೊಳ್ಳಬಹುದು.

"ನಮಸ್ಕಾರ. ನಾಳೆ ನಾಲ್ಕು ಗಂಟೆಯೊಳಗೆ ಅಥವಾ ಏಳರ ಮೇಲೆ ಬನ್ನಿ, ನಡುವೆ ಹಾಲು ಕರೆಯುವ ಹೊತ್ತು. ಜಾರದ ಚಪ್ಪಲಿ, ಟಾರ್ಚು, ದಿನಾ ತೆಗೆದುಕೊಳ್ಳುವ ಮಾತ್ರೆ ತನ್ನಿ. ಮನೆ ಹಳೆಯದು, ಬಂದ ಕೂಡಲೇ ಅರ್ಧ ಗಂಟೆ ನನ್ನ ಜೊತೆ ಸುತ್ತಬೇಕು. ರಾತ್ರಿ ಊಟ ಎಂಟಕ್ಕೆ. ಬೆಳಿಗ್ಗೆ ಐದೂವರೆಗೆ ಕೊಟ್ಟಿಗೆಯಲ್ಲಿ ಸದ್ದಾಗುತ್ತದೆ, ಗಾಬರಿಯಾಗಬೇಡಿ, ಅದು ನಾನೇ."