ಅಲೆ ಏರುವವರಿಗೊಂದು ರಬ್ಬರ್ ಕಂಬಳಿ

ತುಮಕೂರು ಬಳಿಯ ಊರ್ಡಿಗೆರೆಯಿಂದ ದೇವರಾಯನದುರ್ಗದ ಕಡೆಗೆ ಡಿಸೆಂಬರ್ ತಿಂಗಳ ನಸುಕಿನಲ್ಲಿ ಹೊರಟವರಿಗೆ ಕಂಬಳಿಯ ಬೆಲೆ ಗೊತ್ತು. ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಕಲ್ಲಿಗೆ ಹೊದಿಸಿದರೆ ಕಲ್ಲು ಬಿಸಿಯಾಗದು. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಹಲಗೆ ಏರಿ ಕಡಲ ಅಲೆಗಳ ಮೇಲೆ ಜಾರುವ ಸರ್ಫಿಂಗ್ ಪಟುಗಳು ತೊಡುವ ವೆಟ್‌ಸೂಟ್ ಎಂಬ ಬಿಗಿಯುಡುಪಿನ ಗುಟ್ಟೂ ಇದೇ.

ನೀರಿನ ಶಾಖವಾಹಕತೆ ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಹಾಯಾಗಿ ಓಡಾಡುವ ಮನುಷ್ಯ ಅಷ್ಟೇ ಉಷ್ಣಾಂಶದ ನೀರಿನಲ್ಲಿ ಸುಮ್ಮನೆ ನಿಂತರೆ ಸ್ವಲ್ಪ ಹೊತ್ತಿನಲ್ಲೇ ನಡುಗತೊಡಗುತ್ತಾನೆ. ದೇಹದೊಳಗಿನ ಉಷ್ಣಾಂಶ 37 ಡಿಗ್ರಿಯ ಆಸುಪಾಸಿನಲ್ಲಿರಬೇಕು. 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಆ ಹಂತ ತಲುಪುವ ಮೊದಲೇ ಬೆರಳು ಮರಗಟ್ಟಿ, ತೋಳು ಸೋತು, ದಡಕ್ಕೆ ಮರಳುವುದೇ ದುಸ್ತರವಾಗುತ್ತದೆ. ತಣ್ಣೀರಿನ ನಿಜವಾದ ಅಪಾಯವಿರುವುದು ಇಲ್ಲಿ.

ಮೈ ಬೆಚ್ಚಗಿರಲು ಅದು ಒಣಗಿರಲೇಬೇಕೆಂದಿಲ್ಲ ಎಂಬುದನ್ನು ಮನಗಂಡವರು ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. 1950ರ ದಶಕದ ಆರಂಭದಲ್ಲಿ ಅವರು ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಉಡುಪನ್ನು ರೂಪಿಸಿದರು. ಈ ರಬ್ಬರಿನ ತುಂಬ ಅನಿಲದ ಸಣ್ಣ ಗುಳ್ಳೆಗಳಿರುತ್ತವೆ. ಉಡುಪಿನೊಳಗೆ ನುಸುಳಿದ ನೀರೇ ಬೆಚ್ಚಗಾಗಿ ಮೈಯನ್ನು ಕಾಯುತ್ತದೆ ಎಂಬುದು ಜನಪ್ರಿಯ ನಂಬಿಕೆ. ವಾಸ್ತವವಾಗಿ ಕಾಯುವುದು ಆ ಗುಳ್ಳೆಗಳು; ಒಳಗಿನ ನೀರು ಕಡಿಮೆಯಿದ್ದಷ್ಟೂ ಒಳ್ಳೆಯದು. ಉಡುಪು ಸಡಿಲವಾಗಿದ್ದರೆ ಪ್ರತಿ ಅಲೆಯೂ ಬೆಚ್ಚಗಿನ ನೀರನ್ನು ಹೊರದಬ್ಬಿ ತಣ್ಣೀರನ್ನು ತುಂಬುತ್ತದೆ, ಮೈಯ ಶಾಖವೂ ಅದರೊಡನೆ ಹೋಗುತ್ತದೆ.

ಹಾಗಾದರೆ ನಮ್ಮ ಕರಾವಳಿಗೆ ಇದು ಬೇಕೆ? ರಾಜ್ಯದಲ್ಲಿ ಸರ್ಫಿಂಗ್ ಎಂದರೆ ಮೊದಲು ನೆನಪಾಗುವುದು ದಕ್ಷಿಣ ಕನ್ನಡದ ಮೂಲ್ಕಿ. ಅಲ್ಲಿಗೆ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದಿತ್ತು. ಅಲ್ಲಿನ ಕಡಲ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿಯಷ್ಟಿರುತ್ತದೆ. ಅಂಥ ನೀರಿನಲ್ಲಿ ತೋಳು ಬೀಸಿ ಹಲಗೆ ನಡೆಸುವಾಗ ಸ್ನಾಯುಗಳೇ ಸಾಕಷ್ಟು ಶಾಖ ಹುಟ್ಟಿಸುತ್ತವೆ. ಅದರ ಮೇಲೆ ದಪ್ಪ ರಬ್ಬರ್ ತೊಟ್ಟರೆ ಶಾಖಕ್ಕೆ ದಾರಿಯಿಲ್ಲ, ಬೆವರು ಆರುವುದಿಲ್ಲ. ಅದನ್ನು ತೊಟ್ಟು ಬಿಸಿಲಿನಲ್ಲಿ ಮರಳಿನ ಮೇಲೆ ಕಾಯುತ್ತ ನಿಂತರಂತೂ ತಲೆಸುತ್ತು, ನಿರ್ಜಲೀಕರಣ ತಪ್ಪಿದ್ದಲ್ಲ. ಸಿನಿಮಾ ನೋಡಿ ದುಬಾರಿ ವೆಟ್‌ಸೂಟ್ ಕೊಂಡು ಬೆಂಗಳೂರಿನಿಂದ ಹೊರಡುವವರು ಇದನ್ನು ಗಮನಿಸಬೇಕು. ಬಿಸಿಲು ಮತ್ತು ಹಲಗೆಯ ಉಜ್ಜುವಿಕೆಯಿಂದ ಚರ್ಮವನ್ನು ಕಾಪಾಡಲು ಅಲ್ಲಿ ತೆಳು ಲೈಕ್ರಾ ಅಂಗಿ ಸಾಕು.

ಆದರೂ 28 ಡಿಗ್ರಿಯ ನೀರು ದೇಹಕ್ಕಿಂತ ತಣ್ಣಗೇ ಇರುತ್ತದೆ. ಮಳೆಗಾಳಿಯಲ್ಲಿ ಎರಡು ಮೂರು ಗಂಟೆ ನೀರಿನಲ್ಲಿದ್ದರೆ ಸಣಕಲು ಮೈಯ ಮಕ್ಕಳು ನಡುಗುವುದುಂಟು. ಅಂಥವರಿಗೆ ಒಂದೆರಡು ಮಿಲಿಮೀಟರಿನ ತೋಳಿಲ್ಲದ ಅಂಗಿ ನೆರವಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಲೆಕ್ಕವೇ ಬೇರೆ. ಅಲ್ಲಿ ಬೇಸಿಗೆಯಲ್ಲೂ ಕಡಲ ನೀರು ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಬರಿಮೈಯಲ್ಲಿ ಬಿದ್ದವರಿಗೆ ಮೊದಲ ನಿಮಿಷದಲ್ಲೇ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಈಜು ಬಲ್ಲವರೂ ಮುಳುಗಬಹುದು. ಅಲ್ಲಿ ನಾಲ್ಕೈದು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ತೊಡುವುದು ರೂಢಿ. ಬಾಡಿಗೆಗೆ ಪಡೆಯುವವರು ಕತ್ತು, ಕಂಕುಳು ಮತ್ತು ನಡುವಿನ ಬಳಿ ಬಟ್ಟೆ ಮೈಗೆ ಅಂಟಿದೆಯೇ ಎಂದು ದಡದಲ್ಲೇ ಪರೀಕ್ಷಿಸಿಕೊಳ್ಳಬೇಕು.