ಪಂಡಿತರ ತೀರ್ಪು

ವಿದ್ವತ್ಸಮ್ಮೇಳನಕ್ಕೆ ಬಂದ ಪ್ರಬಂಧವನ್ನು ಆ ಶಾಸ್ತ್ರವನ್ನೇ ಬಲ್ಲ ಮೂರು ನಾಲ್ಕು ಮಂದಿ ಪರೀಕ್ಷಿಸುವರು. ಬರೆದವರಾರೆಂಬುದು ಪರೀಕ್ಷಕರಿಗೆ ತಿಳಿಯದು. ಪರೀಕ್ಷಿಸಿದವರಾರೆಂಬುದು ಬರೆದವರಿಗೆ ತಿಳಿಯದು. ಅನೇಕ ಸಮ್ಮೇಳನಗಳಲ್ಲಿ ರೂಢವಾಗಿರುವ ಈ ಏರ್ಪಾಡಿನಲ್ಲಿ ಮುಖದಾಕ್ಷಿಣ್ಯಕ್ಕೆ ಎಡೆ ಕಡಮೆಯೆಂಬುದೇನೋ ನಿಜ. ಆದರೆ ಪರೀಕ್ಷಕರು ಬದಲಾದರೆ ತೀರ್ಪೂ ಬದಲಾಗುವುದೇ?

೨೦೧೪ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ, ಯಂತ್ರಗಳಿಗೆ ಕಲಿಸುವ ವಿದ್ಯೆಯ ಬಗ್ಗೆ 'ನಿಪ್ಸ್' ಎಂಬ ಸಮ್ಮೇಳನ ನೆರೆಯಿತು. ಅದಕ್ಕೆ ಬಂದ ಪ್ರಬಂಧಗಳಲ್ಲಿ ೧೬೬ನ್ನು, ಕಾರ್ಯಕ್ರಮಾಧ್ಯಕ್ಷರಾದ ಕೊರಿನಾ ಕಾರ್ಟೆಸ್ ಮತ್ತು ನೀಲ್ ಲಾರೆನ್ಸ್ ಇವರು ಚೀಟಿಯೆತ್ತಿದಂತೆ ಆರಿಸಿ, ಒಂದರ ಮಾತು ಒಂದಕ್ಕೆ ತಿಳಿಯದ ಎರಡು ಮಂಡಲಿಗಳಿಗೆ ಒಪ್ಪಿಸಿದರು. ಎರಡೂ ತಳ್ಳಿದವು ೧೦೧. ಎರಡೂ ಒಪ್ಪಿದವು ಕೇವಲ ೨೨. ಉಳಿದ ೪೩ನ್ನು ಒಂದು ಒಪ್ಪಿತು, ಇನ್ನೊಂದು ತಳ್ಳಿತು. ಎಂದರೆ, ಒಂದು ಮಂಡಲಿ ಮೆಚ್ಚಿದವುಗಳಲ್ಲಿ ಅರ್ಧದಷ್ಟು ಇನ್ನೊಂದಕ್ಕೆ ಸೇರಲಿಲ್ಲ! ೨೦೨೧ರಲ್ಲಿ ಇದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗಲೂ ಫಲ ಹೆಚ್ಚು ಬೇರೆಯಾಗಲಿಲ್ಲ.

ತಮ್ಮ ದೋಷವನ್ನು ತಾವೇ ಅಳೆದು ಲೋಕದ ಮುಂದಿಟ್ಟ ಇವರ ಪ್ರಾಮಾಣಿಕತೆಯನ್ನು ನಾವು ಮನಃಪೂರ್ವಕವಾಗಿ ಶ್ಲಾಘಿಸುತ್ತೇವೆ. ನಮ್ಮ ಪರೀಕ್ಷಾಮಂಡಲಿಗಳಲ್ಲಿ ಇಂತಹ ಧೈರ್ಯವನ್ನು ನಾವು ಕಂಡುದು ಅಪೂರ್ವ. ಆದರೆ ಅಂಗೀಕೃತ ಪ್ರಬಂಧಗಳ ಸಂಖ್ಯೆಯನ್ನೇ ನೋಡಿ ತರುಣರಿಗೆ ಉದ್ಯೋಗವನ್ನೂ ವೇತನವನ್ನೂ ನಿರ್ಣಯಿಸುವ ಅಧಿಕಾರಿಗಳನ್ನು ನಾವು ಕೇಳುತ್ತೇವೆ: ಎಣಿಸುವ ಮುನ್ನ ಒಂದನ್ನಾದರೂ ಓದಿದ್ದೀರಾ? ಏಳು ವರ್ಷಗಳ ತರುವಾಯ ಕಾರ್ಟೆಸ್, ಲಾರೆನ್ಸ್ ಇವರೇ ಲೆಕ್ಕ ತೆಗೆದಾಗ, ಅಂಗೀಕೃತ ಪ್ರಬಂಧಗಳಿಗೆ ಪರೀಕ್ಷಕರು ಕೊಟ್ಟ ಅಂಕಗಳಿಗೂ, ಇತರ ವಿದ್ವಾಂಸರು ಅವನ್ನು ಮುಂದೆ ಉಲ್ಲೇಖಿಸಿದ ಪ್ರಮಾಣಕ್ಕೂ ಸಂಬಂಧವೇ ಕಾಣಲಿಲ್ಲ.