ಜೀವಕೋಶಗಳ ಅಂಚೆಚೀಲ

ಅಣ್ಣಾ ನಗರದ ಸೆಕೆಂಡ್ ಅವೆನ್ಯೂ ಉದ್ದಕ್ಕೂ ಒಂದು ಸಂಜೆ ನಡೆದುಬನ್ನಿ. ಒಡವೆ ಅಂಗಡಿ, ಜವಳಿ ಅಂಗಡಿ, ಹೋಟೆಲುಗಳ ನಡುವೆ ಕ್ಲಿನಿಕ್ಕುಗಳ ಫಲಕಗಳಿಗೂ ಕೊರತೆಯಿಲ್ಲ. ಕೂದಲಿಗೆ, ಮುಖಕ್ಕೆ, ಮಂಡಿಗೆ 'ಎಕ್ಸೋಸೋಮ್' ಚಿಕಿತ್ಸೆ ಎಂಬ ಜಾಹೀರಾತು ನಮ್ಮ ಮಹಾನಗರಗಳಲ್ಲಿ ಈಗ ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಎಂದು ಬೆಳೆದ ಯುವಮಿತ್ರರೇ, ಮೊಬೈಲಿನಲ್ಲಿ ಇದು ಮೊದಲು ಕಣ್ಣಿಗೆ ಬೀಳುವುದು ನಿಮಗೆ. "ಇದು ನನ್ನ ಮಂಡಿನೋವಿಗೆ ಆಗುತ್ತೇನೋ, ನೋಡಿ ಹೇಳು ಮಗು" ಎಂದು ಅಜ್ಜಿ ಕೇಳುವುದೂ ನಿಮ್ಮನ್ನೇ.

ಇಲಿಯ ಮತ್ತು ಕುರಿಯ ಎಳೆಯ ಕೆಂಪು ರಕ್ತಕಣಗಳು ಬಲಿಯುವಾಗ, ತಮಗೆ ಬೇಡವಾದ ಒಂದು ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ಕಟ್ಟಿ ಹೊರಹಾಕುವುದನ್ನು 1983ರಲ್ಲಿ ಅಮೆರಿಕ ಮತ್ತು ಕೆನಡದ ಎರಡು ತಂಡಗಳು ಕಂಡವು. 1987ರಲ್ಲಿ ಮಾಂಟ್ರಿಯಲ್‌ನ ರೋಸ್ ಜಾನ್‌ಸ್ಟೋನ್ ಅವರ ತಂಡ ಅದಕ್ಕೆ ಎಕ್ಸೋಸೋಮ್ ಎಂದು ಹೆಸರಿಟ್ಟಿತು. ಗಾತ್ರ 30ರಿಂದ 150 ನ್ಯಾನೋಮೀಟರ್, ಅಂದರೆ ಸುಮಾರಾಗಿ ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲು. ಬಹುಕಾಲ ಇದನ್ನು ಕಸದ ಚೀಲವೆಂದೇ ಬಗೆದಿದ್ದರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದರೊಳಗೆ ಆರ್‌ಎನ್‌ಎ ಇರುವುದನ್ನೂ, ಅದು ಇನ್ನೊಂದು ಜೀವಕೋಶವನ್ನು ಸೇರಿ ಕೆಲಸಮಾಡುವುದನ್ನೂ ತೋರಿಸಿದರು. ಕಸವೆಂದುಕೊಂಡದ್ದು ಅಂಚೆಯಾಗಿತ್ತು!

ಗಾಯ ಮಾಯುವುದಕ್ಕೂ ಇದಕ್ಕೂ ನಂಟೇನು? ದೇಹಕ್ಕೆ ಚುಚ್ಚಿದ ಆಕರಕೋಶಗಳಲ್ಲಿ ಹೆಚ್ಚಿನವು ಬಹಳ ದಿನ ಉಳಿಯುವುದಿಲ್ಲ. ಆದರೂ ಕೆಲವೊಮ್ಮೆ ಗುಣ ಕಾಣುತ್ತದೆ. ಅವು ಸ್ರವಿಸುವ ಸಂಕೇತಗಳೇ ಉರಿಯೂತ ತಗ್ಗಿಸಿ, ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಹಾಗಾದರೆ ಕೋಶವನ್ನು ಬಿಟ್ಟು ಅಂಚೆಯನ್ನಷ್ಟೇ ಕೊಡಬಾರದೇಕೆ? ಯೋಚನೆ ಸೊಗಸಾಗಿದೆ. ಆದರೆ ಒಂದು ಬಾರಿ ತಯಾರಿಸಿದ್ದು ಇನ್ನೊಂದು ಬಾರಿಯಂತಿರುವುದಿಲ್ಲ. ಎಷ್ಟು ಕೊಡಬೇಕೆಂಬುದೂ ಇತ್ಯರ್ಥವಾಗಿಲ್ಲ.

ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯನ್ನು ನೋಡಿ. ಧೂಮಪಾನಿಗಳ ಕಾಲಿನ ರಕ್ತನಾಳ ಕಟ್ಟಿಕೊಂಡು, ಕಾಲನ್ನೇ ಕತ್ತರಿಸುವ ಸ್ಥಿತಿ ತರುವ ಬ್ಯೂರ್ಗರ್ ಕಾಯಿಲೆಗೆ ಅವರು ಮೂಳೆಮಜ್ಜೆಯ ಕೋಶಗಳಿಂದ ಔಷಧ ಮಾಡಿದರು. ರೋಗಿಗಳ ಮೇಲೆ ಪರೀಕ್ಷೆಗಳಾದ ಮೇಲೆ, 2016ರಲ್ಲಿ ಸಿಕ್ಕಿದ್ದು ಸೀಮಿತ ಅನುಮತಿ. ಅದೂ ಇಡೀ ಕೋಶಗಳಿಗೆ, ಎಕ್ಸೋಸೋಮಿಗಲ್ಲ.

ಅವಸರಪಟ್ಟರೆ ಏನಾಗುತ್ತದೆ? ಅಮೆರಿಕದ ನೆಬ್ರಾಸ್ಕದಲ್ಲಿ ಎಕ್ಸೋಸೋಮ್ ಎಂದು ಮಾರಿದ ಔಷಧ ಪಡೆದವರಿಗೆ ಗಂಭೀರ ತೊಂದರೆಗಳಾಗಿ, 2019ರ ಡಿಸೆಂಬರಿನಲ್ಲಿ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಹೊರಡಿಸಬೇಕಾಯಿತು.

ಅಜ್ಜಿಯ ಜೊತೆ ಕ್ಲಿನಿಕ್ಕಿಗೆ ಹೋದರೆ ಸಂಕೋಚಪಡದೆ ಕೇಳಿ: ಇದು ಅನುಮತಿ ಪಡೆದ ಔಷಧವೋ, ಪ್ರಯೋಗವೋ? ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಲ್ಲಿ? ಐಸಿಎಂಆರ್‌ನ 2017ರ ಆಕರಕೋಶ ಮಾರ್ಗಸೂಚಿಯಂತೆ, ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ಪಡೆಯುವಂತಿಲ್ಲ.